ಅಕ್ಷರ, ಚಿತ್ರ, ಧ್ವನಿ, ಚಲಚ್ಚಿತ್ರಗಳ ಕೊಂಡಿ: ಮಧುಗಿರಿ ಶೈಕ್ಷಣಿಕ ಜಿಲ್ಲೆಯನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

೧

ತುಮಕೂರು ಜಿಲ್ಲೆಯ ಸಿರಾ ತಾಲ್ಲೂಕಿನಲ್ಲಿ ಕಳುವರಹಳ್ಳಿಯ ಬಳಿ ಜುಂಜಪ್ಪನ ಗುಡ್ಡೆಯೆಂಬ ಸ್ಥಳವುಂಟು. ಕಾಡುಗೊಲ್ಲರು ತಮ್ಮ ವೀರನೆಂದೂ ದೈವವೆಂದೂ ಭಾವಿಸುವ ಪಶುಪಾಲಕ ಜುಂಜಪ್ಪನ ಹೆಸರು ಈ ಸ್ಥಳದೊಡನೆ ಸೇರಿಕೊಂಡಿದೆ. ಆತನ ಚರಿತ್ರೆಯು ಗೊಲ್ಲರ ಹಟ್ಟಿಗಳಲ್ಲಿ ಬಾಯಿಂದ ಬಾಯಿಗೆ ಹರಿದುಬಂದ ದೀರ್ಘವಾದ ಹಾಡುಕಾವ್ಯ. ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲು ಆ ಹಾಡಿಗೆ ಜತೆಗಾರ. ವಿದ್ವಾಂಸರು ಈ ಕಾವ್ಯವನ್ನು ಸಂಗ್ರಹಿಸಿ ಅಚ್ಚಿಗೆ ತಂದಿದ್ದಾರೆ. ಅದರಿಂದ ನಮ್ಮ ಸಾಹಿತ್ಯಕ್ಕೆ ಆಗಿರುವ ಉಪಕಾರ ಸಣ್ಣದಲ್ಲ. ಆದರೆ ಅಚ್ಚಿನ ಪುಟವನ್ನು ತೆರೆದ ವಿದ್ಯಾರ್ಥಿಗೆ ಕಾಣುವುದು ಅಕ್ಷರ ಮಾತ್ರ. ಗಣೆಯ ನಾದವಾಗಲಿ, ಗಾಯಕನು ಉಸಿರು ತೆಗೆದುಕೊಳ್ಳುವ ನಿಲುಗಡೆಯಾಗಲಿ, ಕೇಳುತ್ತ ಕುಳಿತವರ ಹೂಂಗುಟ್ಟುವಿಕೆಯಾಗಲಿ ಆ ಪುಟದಲ್ಲಿಲ್ಲ. ಇನ್ನೊಂದು ಕಡೆ, ಯಾರೋ ಧ್ವನಿಮುದ್ರಿಸಿಕೊಂಡ ಹಾಡು ಯಾವುದೋ ಪೆಟ್ಟಿಗೆಯಲ್ಲಿರುತ್ತದೆ. ಅದನ್ನು ಕೇಳಿದವನಿಗೆ ಅದು ಕಾವ್ಯದ ಯಾವ ಭಾಗವೆಂಬುದು ತಿಳಿಯದು. ಪದವು ಒಂದೆಡೆ, ಧ್ವನಿಯು ಒಂದೆಡೆ, ಸ್ಥಳದ ಚಿತ್ರವು ಮತ್ತೊಂದೆಡೆ ಉಳಿದು, ಇವು ಮೂರೂ ಒಂದೇ ವಸ್ತುವಿನ ಅಂಗಗಳೆಂಬ ತಿಳಿವಳಿಕೆಯೇ ಕ್ರಮೇಣ ಅಳಿಸಿಹೋಗುವ ಅಪಾಯವಿದೆ.

ಈ ಅಂಗಗಳನ್ನು ಮತ್ತೆ ಒಂದುಗೂಡಿಸುವ ಬಗೆ ಹೇಗೆ? ಗಣಕಯಂತ್ರಗಳ ಬಳಕೆಯಿಂದ ಬಂದಿರುವ ಒಂದು ವಿಧಾನವನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲಾಗಿದೆ. ಇದನ್ನು ಹೈಪರ್‌ಮೀಡಿಯಾ ಎಂದು ಕರೆಯುವುದು ರೂಢಿ. ಅಕ್ಷರ, ಚಿತ್ರ, ಧ್ವನಿ, ಚಲಚ್ಚಿತ್ರ ಎಂಬ ನಾಲ್ಕು ಬಗೆಯ ಸಾಮಗ್ರಿಯನ್ನು ಕೊಂಡಿಗಳಿಂದ ಹೆಣೆದು, ಓದುಗನು ತನ್ನ ಇಚ್ಛೆಯಂತೆ ಒಂದರಿಂದ ಮತ್ತೊಂದಕ್ಕೆ ಸಾಗುವಂತೆ ಮಾಡಿರುವ ರಚನೆಯೇ ಇದು. ನಿದರ್ಶನಗಳನ್ನು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಿಂದ ಆರಿಸಿಕೊಂಡಿದೆ. ಈ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿವೆ.

೨

ಕೊಂಡಿಯ ಕಲ್ಪನೆ ನಮಗೆ ಹೊಸದಲ್ಲ. ಕನ್ನಡನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲನ್ನು ನೋಡಿರಿ. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆಗಳು. ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಸುರಾಂಗನೆಯರು ಕರೆದೊಯ್ಯುವ ದೃಶ್ಯ, ಮೇಲಿನದರಲ್ಲಿ ದೇವಸನ್ನಿಧಿ. ಶಾಸನವಿದ್ದರೆ ಅದನ್ನು ಪಟ್ಟಿಕೆಗಳ ನಡುವಣ ಅಂಚಿನಲ್ಲಿ ಕೊರೆದಿರುತ್ತಾರೆ. ಬರಹವು ಚಿತ್ರದ ಪಕ್ಕದಲ್ಲಿಯೇ ಇರುವುದರಿಂದ ಯಾರು ಸತ್ತರು, ಏಕೆ ಸತ್ತರು ಎಂಬುದನ್ನು ಓದಿದ ಕಣ್ಣು ಕೂಡಲೇ ಆ ಕಾಳಗದ ಚಿತ್ರಕ್ಕೆ ಇಳಿಯುತ್ತದೆ. ಗಮಕ ಕಲೆಯಲ್ಲಿಯೂ ಇದೇ ತತ್ತ್ವ: ಒಬ್ಬರು ಕಾವ್ಯವನ್ನು ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ, ಕೇಳುವವನು ಮೂಲದಿಂದ ಅರ್ಥಕ್ಕೂ ಅರ್ಥದಿಂದ ಮೂಲಕ್ಕೂ ಹೋಗಿ ಬರುತ್ತಾನೆ.

ಅಚ್ಚಿನ ಕಾಲದ ಒಂದು ಉತ್ತಮ ನಿದರ್ಶನ ನಮ್ಮ ಕೈಯಲ್ಲಿಯೇ ಇದೆ. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡನೆಯ ಸಂಪುಟ ೧೯೦೪ರಲ್ಲಿ ಪ್ರಕಟವಾಯಿತು. ಅದು ತುಮಕೂರು ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ಅಲ್ಲಿ ಶಾಸನಗಳ ಇಂಗ್ಲಿಷ್ ಅನುವಾದ ಒಂದು ಭಾಗ, ರೋಮನ್ ಲಿಪಿಯ ಪಾಠ ಒಂದು ಭಾಗ, ಕನ್ನಡ ಲಿಪಿಯ ಪಾಠ ಒಂದು ಭಾಗ. ಈ ಮೂರು ಭಾಗಗಳನ್ನು ಹೊಂದಿಸುವುದು ತಾಲ್ಲೂಕಿನ ಸಂಕೇತ ಮತ್ತು ಅದರ ಮುಂದಿನ ಒಂದು ಅಂಕಿ. ಸಿರಾ ತಾಲ್ಲೂಕಿನ ಇಂತಹ ಸಂಖ್ಯೆಯ ಶಾಸನವೆಂದರೆ ಸಾಕು. ಒಂದು ಶತಮಾನಕ್ಕೂ ಮಿಕ್ಕಿದ ಕಾಲದಲ್ಲಿ ಯಾವ ವಿದ್ವಾಂಸನು ಎಲ್ಲಿ ಕುಳಿತು ಉಲ್ಲೇಖಿಸಿದರೂ ಅದು ಅದೇ ಕಲ್ಲನ್ನು ತೋರಿಸುತ್ತದೆ. ವಿಶೇಷವೇನೆಂದರೆ, ಆ ಕಾಲಕ್ಕೆ ಕೊರಟಗೆರೆಯು ಮದ್ದಗಿರಿ ತಾಲ್ಲೂಕಿಗೆ ಸೇರಿದ ಉಪತಾಲ್ಲೂಕಾಗಿತ್ತು. ಮದ್ದಗಿರಿಯೇ ಇಂದಿನ ಮಧುಗಿರಿ. ಆದ್ದರಿಂದ ಕೊರಟಗೆರೆಯ ವಿದ್ಯಾರ್ಥಿಯು ತನ್ನೂರಿನ ಶಾಸನವನ್ನು ಹುಡುಕುವಾಗ ಹಳೆಯ ಹೆಸರನ್ನೂ ಹಳೆಯ ಎಲ್ಲೆಯನ್ನೂ ತಿಳಿದಿರಬೇಕು. ಇಲ್ಲದಿದ್ದರೆ ಶಾಸನವಿದ್ದೂ ಅವನ ಪಾಲಿಗೆ ಇಲ್ಲದಂತೆಯೇ.

ಇದರಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಪ್ರತಿಯೊಂದು ವಸ್ತುವಿಗೂ ಬದಲಾಗದ ವಿಳಾಸ ಬೇಕು. ಎರಡನೆಯದು, ಎರಡು ವಸ್ತುಗಳ ನಡುವಣ ಸಂಬಂಧ ಎಂತಹುದೆಂಬುದು ತಿಳಿದಿರಬೇಕು. ಮೂರನೆಯದು, ಹೋದವನು ಹಿಂದಿರುಗಿ ಬರುವ ದಾರಿ ಇರಬೇಕು. ಮುಂದೆ ಹೇಳುವ ಯಂತ್ರಗಳೆಲ್ಲ ಈ ಮೂರನ್ನು ಸಾಧಿಸುವ ಉಪಾಯಗಳೇ.

೩

ಆಧುನಿಕ ಕಾಲದಲ್ಲಿ ಈ ವಿಚಾರವನ್ನು ಖಚಿತವಾಗಿ ಮಂಡಿಸಿದವರು ಅಮೆರಿಕದ ವಾನಿವರ್ ಬುಷ್. ೧೯೪೫ರ ಜುಲೈ ತಿಂಗಳಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಅವರು ಮೆಮೆಕ್ಸ್ ಎಂಬ ಯಂತ್ರವನ್ನು ಕಲ್ಪಿಸಿದರು. ಮೇಜಿನಾಕಾರದ ಆ ಯಂತ್ರದೊಳಗೆ ಪುಸ್ತಕಗಳೂ ಚಿತ್ರಗಳೂ ಸೂಕ್ಷ್ಮ ಛಾಯಾಪ್ರತಿಗಳಾಗಿರಬೇಕು. ಓದುಗನು ಒಂದು ಪುಟಕ್ಕೂ ಇನ್ನೊಂದಕ್ಕೂ ಗಂಟು ಹಾಕಿ, ತಾನು ನಡೆದ ಜಾಡನ್ನು ಮುಂದಿನವರಿಗೆ ಬಿಟ್ಟುಹೋಗಬೇಕು. ಆ ಯಂತ್ರ ನಿರ್ಮಾಣವಾಗಲಿಲ್ಲ, ವಿಚಾರವು ಉಳಿಯಿತು. ೧೯೬೫ರಲ್ಲಿ ಟೆಡ್ ನೆಲ್ಸನ್ ಅವರು ಹೈಪರ್‌ಟೆಕ್ಸ್ಟ್, ಹೈಪರ್‌ಮೀಡಿಯಾ ಎಂಬ ಮಾತುಗಳನ್ನು ಬಳಕೆಗೆ ತಂದರು. ೧೯೬೮ರ ಡಿಸೆಂಬರ್ ೯ರಂದು ಡಗ್ಲಸ್ ಎಂಗೆಲ್‌ಬಾರ್ಟ್ ಅವರು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಕೊಂಡಿಗಳುಳ್ಳ ಬರಹವನ್ನು ಗಣಕಯಂತ್ರದ ತೆರೆಯ ಮೇಲೆ ವಿದ್ವತ್ಸಭೆಯ ಮುಂದೆ ತೋರಿಸಿದರು. ೧೯೮೭ರಲ್ಲಿ ಆಪಲ್ ಸಂಸ್ಥೆಯ ಬಿಲ್ ಅಟ್ಕಿನ್‌ಸನ್ ರೂಪಿಸಿದ ಹೈಪರ್‌ಕಾರ್ಡ್ ಹೊರಬಂದ ಮೇಲೆ ಸಾಮಾನ್ಯ ಉಪಾಧ್ಯಾಯನೂ ಅಕ್ಷರ, ಚಿತ್ರ, ಧ್ವನಿಗಳನ್ನು ಜೋಡಿಸಬಹುದಾಯಿತು.

ಟಿಮ್ ಬರ್ನರ್ಸ್-ಲೀ ಅವರು ೧೯೮೯ರಲ್ಲಿ ಜಿನೀವದ ಬಳಿಯ ಸರ್ನ್ ಪ್ರಯೋಗಶಾಲೆಯಲ್ಲಿ ಮುಂದಿಟ್ಟ ಯೋಜನೆಯು ೧೯೯೧ರಲ್ಲಿ ವಿಶ್ವವ್ಯಾಪಿ ಜಾಲವಾಗಿ ಸಾರ್ವಜನಿಕರಿಗೆ ದೊರೆಯಿತು. ೧೯೯೩ರ ಮೊಸಾಯಿಕ್ ಎಂಬ ವೀಕ್ಷಕವು ಬರಹದ ನಡುವೆಯೇ ಚಿತ್ರವನ್ನು ತೋರಿಸಿ ಜಾಲವನ್ನು ಜನಪ್ರಿಯಗೊಳಿಸಿತು. ಧ್ವನಿಗೂ ಚಲಚ್ಚಿತ್ರಕ್ಕೂ ಬಹುಕಾಲ ಬೇರೆ ಬೇರೆ ಉಪಕರಣಗಳು ಬೇಕಾಗಿದ್ದವು. ೨೦೧೪ರಲ್ಲಿ ಅಂತಿಮಗೊಂಡ ಎಚ್‌ಟಿಎಂಎಲ್‌ನ ಐದನೆಯ ಆವೃತ್ತಿ ಅವುಗಳನ್ನೂ ಪುಟದ ಸಹಜ ಅಂಗಗಳನ್ನಾಗಿ ಮಾಡಿತು. ಆದರೆ ಈ ಜಾಲದಲ್ಲಿ ಒಂದು ಕೊರತೆ ಉಳಿದಿದೆ. ಇಲ್ಲಿಯ ಕೊಂಡಿಯು ಒಮ್ಮುಖವಾದುದು. ನಾನು ನಿಮ್ಮ ಪುಟವನ್ನು ತೋರಿಸಿದರೆ ಅದು ನಿಮಗೆ ತಿಳಿಯದು. ನೀವು ಪುಟವನ್ನು ತೆಗೆದುಹಾಕಿದರೆ ನನ್ನ ಕೊಂಡಿ ಬರಿದಾಗುತ್ತದೆ. ನೆಲ್ಸನ್ ಅವರು ಬಯಸಿದ್ದು ಇಮ್ಮುಖದ ಕೊಂಡಿಯನ್ನು.

೪

ಇನ್ನು ಕೊಂಡಿಯು ಕೆಲಸ ಮಾಡುವ ಕ್ರಮವನ್ನು ನೋಡೋಣ. ನಾಲ್ಕು ಮಾಧ್ಯಮಗಳಲ್ಲಿ ವಿಳಾಸದ ಸ್ವರೂಪ ಬೇರೆ ಬೇರೆ. ಅಕ್ಷರದಲ್ಲಿ ವಿಳಾಸವು ಅನುಕ್ರಮವನ್ನು ಆಶ್ರಯಿಸಿದೆ: ಇಂತಹ ಪುಟದ ಇಂತಹ ಪದ. ಚಿತ್ರದಲ್ಲಿ ಅದು ವಿಸ್ತಾರವನ್ನು ಆಶ್ರಯಿಸಿದೆ: ಎಡದಿಂದ ಇಷ್ಟು, ಮೇಲಿನಿಂದ ಇಷ್ಟು ದೂರದಲ್ಲಿರುವ ಚೌಕ. ಧ್ವನಿಯಲ್ಲಿ ಅದು ಕಾಲವನ್ನು ಆಶ್ರಯಿಸಿದೆ: ಮೊದಲಿನಿಂದ ಇಷ್ಟನೆಯ ಸೆಕೆಂಡಿನಿಂದ ಇಷ್ಟನೆಯ ಸೆಕೆಂಡಿನವರೆಗೆ. ಚಲಚ್ಚಿತ್ರದಲ್ಲಿ ವಿಸ್ತಾರ, ಕಾಲಗಳೆರಡೂ ಬೇಕು. ೨೦೧೨ರಲ್ಲಿ ವಿಶ್ವವ್ಯಾಪಿ ಜಾಲದ ಒಕ್ಕೂಟವು ಕಾಲ, ವಿಸ್ತಾರಗಳ ಈ ವಿಳಾಸವನ್ನು ಬರೆಯುವ ಕ್ರಮವನ್ನು ಅಂಗೀಕರಿಸಿತು. ಇದರ ಪ್ರಯೋಜನ ಅಲ್ಪವಲ್ಲ. ಎರಡು ಗಂಟೆಗಳ ಹಾಡನ್ನು ಇಡಿಯಾಗಿ ತೋರಿಸುವ ಕೊಂಡಿಗಿಂತ, ಓದುತ್ತಿರುವ ಸಾಲನ್ನು ಗಾಯಕನು ಹಾಡುವ ಕ್ಷಣವನ್ನೇ ತೋರಿಸುವ ಕೊಂಡಿಯು ಅಧ್ಯಯನಕ್ಕೆ ಉಪಯುಕ್ತವೆಂದು ಬೇರೆ ಹೇಳಬೇಕಾಗಿಲ್ಲ.

ಮಾಧ್ಯಮಗಳ ಭಾರವೂ ಬೇರೆ ಬೇರೆ. ಯೂನಿಕೋಡ್ ಸಂಕೇತಕ್ರಮದ ಸಾಮಾನ್ಯ ಬರಹರೂಪದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟುಗಳು ಬೇಕು. ‘ಮಧುಗಿರಿ’ ಎಂಬ ಪದದಲ್ಲಿ ನಾಲ್ಕು ವ್ಯಂಜನಗಳೂ ಮೂರು ಸ್ವರಚಿಹ್ನೆಗಳೂ ಸೇರಿ ಏಳು ಸಂಕೇತಗಳು. ಎಂದರೆ ೨೧ ಬೈಟುಗಳು. ಎರಡು ಸಾವಿರ ಸಂಕೇತಗಳ ಒಂದು ಪುಟಕ್ಕೆ ೬,೦೦೦ ಬೈಟು. ಧ್ವನಿಮುದ್ರಿಕೆಯ ಅಡಕ ತಟ್ಟೆಯಲ್ಲಾದರೋ ಸೆಕೆಂಡಿಗೆ ೪೪,೧೦೦ ಸಲ, ಪ್ರತಿಸಲ ೧೬ ಬಿಟ್ಟುಗಳಂತೆ, ಎರಡು ವಾಹಿನಿಗಳಲ್ಲಿ ಧ್ವನಿಯನ್ನು ಅಳೆದು ಬರೆದಿರುತ್ತಾರೆ. ಇದು ಸೆಕೆಂಡಿಗೆ ೧,೭೬,೪೦೦ ಬೈಟು. ಹಾಗೆಂದರೆ ಗಣೆಯ ಒಂದು ಸೆಕೆಂಡಿನ ನಾದವು ಸುಮಾರು ೨೯ ಪುಟಗಳ ಬರಹದಷ್ಟು ಸ್ಥಳವನ್ನು ಆಕ್ರಮಿಸುತ್ತದೆ. ಚಲಚ್ಚಿತ್ರದ ವಿಷಯದಲ್ಲಿ ಅಡ್ಡ ೧,೯೨೦, ಉದ್ದ ೧,೦೮೦ ಬಿಂದುಗಳ ಒಂದು ಚೌಕಟ್ಟಿಗೆ, ಬಿಂದುವಿಗೆ ಮೂರು ಬೈಟಿನಂತೆ, ೬೨ ಲಕ್ಷ ಬೈಟುಗಳಿಗೂ ಮೀರಿ ಬೇಕು. ಸೆಕೆಂಡಿಗೆ ೨೫ ಚೌಕಟ್ಟುಗಳಾದರೆ ೧೫ ಕೋಟಿ ಬೈಟುಗಳನ್ನು ದಾಟುತ್ತದೆ. ಆದ್ದರಿಂದ ಧ್ವನಿಯನ್ನೂ ಚಲಚ್ಚಿತ್ರವನ್ನೂ ಸಂಕೋಚಗೊಳಿಸಿಯೇ ಸಾಗಿಸಬೇಕಾಗುತ್ತದೆ. ಜಾಲಸಂಪರ್ಕ ದುರ್ಬಲವಾದ ಹಳ್ಳಿಯ ಶಾಲೆಗೆ ಪಾಠವನ್ನು ಸಿದ್ಧಪಡಿಸುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು, ಅಕ್ಷರ ಚಿತ್ರಗಳನ್ನು ಮೊದಲು ಬರಮಾಡಿ, ಧ್ವನಿ ಚಲಚ್ಚಿತ್ರಗಳನ್ನು ಕೇಳಿದಾಗ ಮಾತ್ರ ತರುವ ಏರ್ಪಾಟು ಮಾಡಬೇಕು. ಇಡಿಯ ಪಾಠದ ಒಂದು ಪ್ರತಿ ಶಾಲೆಯ ಗಣಕಯಂತ್ರದಲ್ಲಿಯೇ ಇದ್ದರೆ ಇನ್ನೂ ಲೇಸು.

ಕನ್ನಡಕ್ಕೆ ಸಂಬಂಧಿಸಿದ ಇನ್ನೊಂದು ತೊಡಕುಂಟು. ೧೯೯೧ರ ಮೊದಲ ಯೂನಿಕೋಡ್ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆತಿದ್ದರೂ, ಅನಂತರವೂ ಬಹುಕಾಲ ನಮ್ಮ ಬರಹಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಲಾಯಿತು. ಕಣ್ಣಿಗೆ ಅದು ಕನ್ನಡ. ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಅಂತಹ ಕಡತದಲ್ಲಿ ‘ಸಿರಾ’ ಎಂದು ಹುಡುಕಿದರೆ ಸಿಕ್ಕದು. ಸಿಕ್ಕದ ಪದಕ್ಕೆ ಕೊಂಡಿ ಹಾಕಲಾಗದು. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವುದೇ ಕನ್ನಡದ ಹೈಪರ್‌ಮೀಡಿಯಾಕ್ಕೆ ಮೊದಲ ಮೆಟ್ಟಿಲು.

೫

ಈಗ ನಮ್ಮ ನಾಲ್ಕು ತಾಲ್ಲೂಕುಗಳನ್ನು ಕುರಿತ ಒಂದು ಪಾಠವನ್ನು ಕಲ್ಪಿಸಿಕೊಳ್ಳೋಣ. ಯಾವ ವಿಷಯಕ್ಕೆ ಯಾವ ಮಾಧ್ಯಮ ತಕ್ಕುದೆಂಬುದೇ ಇಲ್ಲಿ ವಿಚಾರಣೀಯ. ಮಧುಗಿರಿಯ ಕೋಟೆಯು ಒಂದೇ ಬೃಹತ್ ಶಿಲೆಯ ಬೆಟ್ಟದ ಮೇಲೆ ಹಬ್ಬಿದೆ. ಅದರ ಬಾಗಿಲುಗಳೂ ಬುರುಜುಗಳೂ ಒಂದಕ್ಕೊಂದು ಯಾವ ಸ್ಥಾನದಲ್ಲಿವೆಯೆಂಬುದನ್ನು ಹತ್ತು ಪುಟಗಳ ವರ್ಣನೆಗಿಂತ ಒಂದು ಚಿತ್ರ ಚೆನ್ನಾಗಿ ತಿಳಿಸುತ್ತದೆ. ಚಿತ್ರದ ಒಂದೊಂದು ಭಾಗವನ್ನು ಮುಟ್ಟಿದರೆ ಆ ಭಾಗದ ವಿವರಣೆ ತೆರೆದುಕೊಳ್ಳಬೇಕು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳ ಸೀಮೆಯಲ್ಲಿ ಹರಿದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಗೆ ಭೂಪಟವೇ ತಕ್ಕುದು. ಸಿರಾ ನಗರದಲ್ಲಿ ಮಲಿಕ್ ರಿಹಾನನ ಗೋರಿ, ಜುಮ್ಮಾ ಮಸೀದಿಗಳಿವೆ. ಬಿಜಾಪುರದ ಆಳ್ವಿಕೆಯ ಅನಂತರ ೧೬೮೭ರಲ್ಲಿ ಅದು ಮೊಗಲರ ಸುಬಾದ ರಾಜಧಾನಿಯಾಯಿತು. ಈ ಚರಿತ್ರೆಗೆ ಕಟ್ಟಡದ ಚಿತ್ರದೊಡನೆ ಲಿಖಿತ ಕಾಲಾನುಕ್ರಮವೂ ಬೇಕು. ಚಲಚ್ಚಿತ್ರವು ಇಲ್ಲಿ ಹೆಚ್ಚಿನದನ್ನೇನೂ ಕೊಡಲಾರದು. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು ೧೩,೦೦೦ ಎಕರೆಯಲ್ಲಿ ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಕ್ಷೇತ್ರ ೨೦೧೯ರ ಕೊನೆಯ ಹೊತ್ತಿಗೆ ಪೂರ್ಣಗೊಂಡಿತು. ಆ ಭೂಮಿ ಹಿಂದೆ ಹೇಗಿತ್ತು, ಈಗ ಹೇಗಿದೆ ಎಂಬುದನ್ನು ತೋರಿಸಲು ಎರಡು ಕಾಲದ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು, ಜಮೀನನ್ನು ಗುತ್ತಿಗೆಗೆ ಕೊಟ್ಟ ರೈತರ ಮಾತನ್ನು ಅವರ ಧ್ವನಿಯಲ್ಲಿಯೇ ಸೇರಿಸಬಹುದು. ಪಾವಗಡದಲ್ಲಿ ತೆಲುಗು ಮನೆಮಾತಾಗಿರುವವರು ಬಹುಮಂದಿ. ಆ ಧ್ವನಿ ತೆಲುಗಿನಲ್ಲಿದ್ದರೆ ಕನ್ನಡದ ಅನುವಾದವು ಕಾಲದ ವಿಳಾಸದಿಂದ ಅದಕ್ಕೆ ಹೊಂದಿಕೊಂಡು ಸಾಗಬೇಕು.

ಜುಂಜಪ್ಪನ ಕಾವ್ಯಕ್ಕೆ ಬಂದರೆ ಕೊಂಡಿಯ ಶಕ್ತಿ ಪೂರ್ಣವಾಗಿ ಗೋಚರವಾಗುತ್ತದೆ. ಸಾಲಿನಿಂದ ಹಾಡಿಗೆ, ಹಾಡಿನಿಂದ ಗಣೆಯ ಚಿತ್ರಕ್ಕೆ, ಅಲ್ಲಿಂದ ಅದನ್ನು ನುಡಿಸುವ ಕೈಬೆರಳುಗಳ ಚಲಚ್ಚಿತ್ರಕ್ಕೆ, ಕಾವ್ಯದಲ್ಲಿ ಬರುವ ಊರಿನ ಹೆಸರಿನಿಂದ ಭೂಪಟಕ್ಕೆ ವಿದ್ಯಾರ್ಥಿಯು ಸಾಗುತ್ತಾನೆ. ಇನ್ನೊಬ್ಬ ಗಾಯಕನ ಪಾಠ ದೊರೆತರೆ ಅದನ್ನೂ ಪಕ್ಕದಲ್ಲಿಡಬಹುದು. ಅಚ್ಚಿನಲ್ಲಿ ಒಂದು ಪಾಠ ಮೂಲವಾಗಿ ಮೇಲೆ ನಿಲ್ಲುತ್ತದೆ, ಉಳಿದವು ಪಾಠಾಂತರಗಳಾಗಿ ಅಡಿಟಿಪ್ಪಣಿಗೆ ಇಳಿಯುತ್ತವೆ. ಬಾಯಿಪರಂಪರೆಯ ಕಾವ್ಯದಲ್ಲಿ ಅಂತಹ ತಾರತಮ್ಯಕ್ಕೆ ಆಧಾರವಿಲ್ಲ. ಕೊಂಡಿಯಿಂದ ಹೆಣೆದ ಆವೃತ್ತಿಯಲ್ಲಿ ಎಲ್ಲ ಗಾಯಕರೂ ಸಮಾನ ಪೀಠದಲ್ಲಿ ಕುಳಿತುಕೊಳ್ಳುತ್ತಾರೆ. ಇದು ಕೇವಲ ಅನುಕೂಲದ ಮಾತಲ್ಲ. ಕಾವ್ಯದ ಸ್ವರೂಪವನ್ನು ಕುರಿತ ನಮ್ಮ ಭಾವನೆಯನ್ನೇ ತಿದ್ದುವಂತಹ ಮಾತು.

೬

ಈ ದಿಶೆಯಲ್ಲಿ ಕರ್ನಾಟಕದ ಶಾಲಾ ಉಪಾಧ್ಯಾಯರಿಂದ ನಡೆದಿರುವ ಒಂದು ಪ್ರಯತ್ನವನ್ನು ಇಲ್ಲಿ ಸ್ಮರಿಸಬೇಕು. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಕೂಡಿ ೨೦೧೩ರಲ್ಲಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳೆಂಬ ಯೋಜನೆಯನ್ನು ಆರಂಭಿಸಿದವು. ವಿಕಿಪೀಡಿಯಕ್ಕೆ ಆಧಾರವಾದ ಮೀಡಿಯಾವಿಕಿ ತಂತ್ರಾಂಶವೇ ಇದಕ್ಕೂ ಆಧಾರ. ಉಪಾಧ್ಯಾಯರು ಸಿದ್ಧಪಾಠಗಳನ್ನು ಸ್ವೀಕರಿಸುವವರಾಗಿ ಮಾತ್ರ ಉಳಿಯದೆ, ತಾವೇ ಬರೆದು, ಚಿತ್ರ ಚಲಚ್ಚಿತ್ರಗಳನ್ನು ಸೇರಿಸಿ, ಪರಸ್ಪರ ತಿದ್ದಬಹುದೆಂಬುದು ಅದರ ಹೆಚ್ಚಳ. ವಿಕಿಯಲ್ಲಿ ಯಾವುದೇ ಪುಟಕ್ಕೆ ಯಾವ ಯಾವ ಪುಟಗಳಿಂದ ಕೊಂಡಿ ಬಂದಿದೆಯೆಂದು ತೋರಿಸುವ ಏರ್ಪಾಟೂ, ಪ್ರತಿಯೊಂದು ತಿದ್ದುಪಡಿಯ ಇತಿಹಾಸವೂ ಇರುವುದರಿಂದ, ನೆಲ್ಸನ್ ಅವರು ಬಯಸಿದ ಇಮ್ಮುಖತೆಯು ಕಿಂಚಿತ್ತಾದರೂ ಲಭಿಸಿದಂತಾಗಿದೆ. ೨೦೧೭ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ದೀಕ್ಷಾ ವೇದಿಕೆಯು ಪಠ್ಯಪುಸ್ತಕದ ಪುಟದಲ್ಲಿ ಅಚ್ಚಾದ ಚೌಕಾಕಾರದ ಸಂಕೇತದಿಂದ ಚಲಚ್ಚಿತ್ರಕ್ಕೆ ಹೋಗುವ ದಾರಿಯನ್ನು ಕಲ್ಪಿಸಿತು. ಮೊದಲನೆಯದರಲ್ಲಿ ಕೊಂಡಿಯನ್ನು ಹಾಕುವವನು ಉಪಾಧ್ಯಾಯ. ಎರಡನೆಯದರಲ್ಲಿ ಪುಸ್ತಕವನ್ನು ಸಿದ್ಧಪಡಿಸಿದವರು. ದೂರದ ಕಚೇರಿಯಲ್ಲಿ ಹಾಕಿದ ಕೊಂಡಿಯು ರಾಜ್ಯಕ್ಕೆಲ್ಲ ಸಮಾನವಾದ ವಿಷಯಕ್ಕೆ ಹೊಂದುತ್ತದೆ. ಜಯಮಂಗಲಿಯನ್ನಾಗಲಿ ಗಣೆಯನ್ನಾಗಲಿ ಕುರಿತ ಕೊಂಡಿಯನ್ನು ಹಾಕಬಲ್ಲವನು ಆ ಊರಿನಲ್ಲಿರುವ ಉಪಾಧ್ಯಾಯನೇ.

೭

ಈ ವಿಧಾನಕ್ಕೆ ಮಿತಿಗಳೂ ಉಂಟು. ಒಂದನೆಯದಾಗಿ, ಕೊಂಡಿಗಳು ಹೆಚ್ಚಿದಷ್ಟೂ ಕಲಿಕೆ ಹೆಚ್ಚುವುದೆಂಬುದು ಭ್ರಮೆ. ಆಸ್ಟ್ರೇಲಿಯದ ಜಾನ್ ಸ್ವೆಲ್ಲರ್, ಅಮೆರಿಕದ ರಿಚರ್ಡ್ ಮೇಯರ್ ಮೊದಲಾದ ಮನಶ್ಶಾಸ್ತ್ರಜ್ಞರ ಪ್ರಯೋಗಗಳಿಂದ ತಿಳಿದುಬಂದಿರುವಂತೆ, ಪರಸ್ಪರ ಸಂಬಂಧಿಸಿದ ಬರಹ ಚಿತ್ರಗಳು ದೂರದೂರವಿದ್ದರೆ ಗಮನವು ಒಡೆದುಹೋಗುತ್ತದೆ. ಕೇಳುತ್ತಿರುವ ಮಾತನ್ನೇ ತೆರೆಯ ಮೇಲೆ ಅಕ್ಷರದಲ್ಲಿಯೂ ಓಡಿಸಿದರೆ ಚಿತ್ರವನ್ನು ನೋಡಬೇಕಾದ ಕಣ್ಣಿಗೆ ಭಾರವಾಗುತ್ತದೆ. ವೀರಗಲ್ಲಿನ ಶಿಲ್ಪಿಯು ಬರಹವನ್ನು ಚಿತ್ರದ ಅಂಚಿನಲ್ಲಿಯೇ ಇಟ್ಟಿದ್ದು ಈ ದೃಷ್ಟಿಯಿಂದ ಉಚಿತವೇ ಆಗಿದೆ.

ಎರಡನೆಯದು ಬಾಳಿಕೆಯ ಪ್ರಶ್ನೆ. ಶಾಲಾಪಾಠಗಳಿಗೆ ಬಹುವಾಗಿ ಬಳಕೆಯಾಗಿದ್ದ ಫ್ಲ್ಯಾಶ್ ತಂತ್ರಕ್ಕೆ ಅದರ ಒಡೆಯರು ೨೦೨೦ರ ಡಿಸೆಂಬರ್ ೩೧ರಂದು ಬೆಂಬಲವನ್ನು ನಿಲ್ಲಿಸಿದರು. ಅದರಲ್ಲಿ ಮಾಡಿದ್ದ ಪಾಠಗಳು ಸಾಮಾನ್ಯ ವೀಕ್ಷಕಗಳಲ್ಲಿ ತೆರೆಯದಾದವು. ರೈಸ್ ಅವರ ಸಂಪುಟವಾದರೋ ೧೯೦೪ರಲ್ಲಿ ಹೇಗೆ ತೆರೆಯುತ್ತಿತ್ತೋ ಈಗಲೂ ಹಾಗೆಯೇ ತೆರೆಯುತ್ತದೆ. ಯಾವುದೋ ಒಂದು ಸಂಸ್ಥೆಯ ಸೊತ್ತಾದ ರೂಪಗಳನ್ನು ಬಿಟ್ಟು ಎಲ್ಲರಿಗೂ ತೆರೆದ ರೂಪಗಳನ್ನು ಬಳಸುವುದು, ಒಂದಕ್ಕಿಂತ ಹೆಚ್ಚು ಸ್ಥಳಗಳಲ್ಲಿ ಪ್ರತಿಗಳನ್ನಿಡುವುದು, ಕೊಂಡಿಗಳನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸುವುದು, ಇವು ಸಂಶೋಧಕನ ಕರ್ತವ್ಯಗಳೆಂದೇ ಎಣಿಸಬೇಕು.

ಮೂರನೆಯದು ಎಲ್ಲಕ್ಕಿಂತ ಗುರುತರವಾದುದು. ಅಚ್ಚಿನ ಪುಟದಲ್ಲಿ ಗಾಯಕನ ಹೆಸರಷ್ಟೇ ಇರುತ್ತಿತ್ತು. ಇಲ್ಲಿ ಅವನ ಮುಖವೂ ಕಂಠವೂ ಲೋಕದ ಮುಂದೆ ಬರುತ್ತವೆ. ದೈವದ ಮುಂದೆ ಭಕ್ತಿಯಿಂದ ಹಾಡಿದ ಹಾಡನ್ನು ಯಾರೋ ವಿನೋದಕ್ಕಾಗಿ ತುಂಡರಿಸಿ ಬಳಸಬಹುದು. ಆದಕಾರಣ ಧ್ವನಿಮುದ್ರಿಸುವ ಮೊದಲೇ ಅದು ಎಲ್ಲೆಲ್ಲಿ ಕೇಳಿಬರುವುದೆಂದು ಗಾಯಕನಿಗೆ ತಿಳಿಯುವಂತೆ ಹೇಳಿ ಒಪ್ಪಿಗೆಯನ್ನು ಪಡೆಯಬೇಕು. ಬೇಡವೆಂದ ಭಾಗವನ್ನು ಬಿಡಬೇಕು. ಸಿದ್ಧವಾದ ಆವೃತ್ತಿಯು ಮೊದಲು ಹಟ್ಟಿಗೇ ಹಿಂದಿರುಗಬೇಕು. ಹಿಂದೆ ಹೇಳಿದ ‘ಹಿಂದಿರುಗಿ ಬರುವ ದಾರಿ’ಗೆ ಈ ಅರ್ಥವೂ ಉಂಟು.

ಒಟ್ಟಿನಲ್ಲಿ, ಕೊಂಡಿಯನ್ನು ಯಂತ್ರ ಹಾಕುವುದಿಲ್ಲ. ಎರಡು ವಸ್ತುಗಳಿಗೆ ಸಂಬಂಧವಿದೆಯೆಂದು ಬಲ್ಲವನು ಹಾಕುತ್ತಾನೆ. ಇಂತಹ ಸಾಲು ಇಂತಹ ಧಾಟಿಯಲ್ಲಿ ಬರುತ್ತದೆ, ಇಂತಹ ಹೆಸರು ಇಂತಹ ಗುಡ್ಡದ್ದು ಎಂದು ತಿಳಿದವರು ಆ ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರ ತಿಳಿವಳಿಕೆ ಅವರೊಡನೆ ಹೋದ ಮೇಲೆ ಪುಸ್ತಕವೂ ಧ್ವನಿಮುದ್ರಿಕೆಯೂ ಚಿತ್ರವೂ ಉಳಿಯಬಹುದು, ಅವುಗಳ ನಡುವಣ ಸಂಬಂಧ ಉಳಿಯದು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಕಾಲೇಜು ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರಿನ ಒಂದೊಂದು ಹಾಡನ್ನೋ ಶಾಸನವನ್ನೋ ಆರಿಸಿಕೊಂಡು, ಬಲ್ಲವರ ಪಕ್ಕದಲ್ಲಿ ಕುಳಿತು ಈ ಸಂಬಂಧಗಳನ್ನು ಬರೆದಿಟ್ಟುಕೊಳ್ಳುವುದಾದರೆ, ಅದೇ ಈ ಕಾರ್ಯಕ್ಕೆ ತಕ್ಕ ಆರಂಭವಾದೀತು. ಅದಕ್ಕೆ ಮೊದಲ ದಿನ ಬೇಕಾಗುವುದು ಒಂದು ನೋಟ್‌ಪುಸ್ತಕ ಮತ್ತು ತಾಳ್ಮೆ; ಯಂತ್ರವು ಅನಂತರ ಬಂದರೂ ಆದೀತು.